ಟ್ರ್ಯಾಕ್ಟರ್ ಚಾಲಕನ ಹಳೆಯ ಸ್ಕ್ಯಾನ್, ನನ್ನ ಎಂ.ಟೆಕ್ ಸೀಟು

ಮೊದಲ ಫೋನು ಯಾವ ಶಾಖೆಯಿಂದ ಬಂತು ಎಂಬುದರಲ್ಲೇ ನನ್ನ ನೆನಪಿಗೂ ದಿನಚರಿಗೂ ಹೊಂದಿಕೆಯಿಲ್ಲ. ನೆನಪು ಕುಷ್ಟಗಿ ಎನ್ನುತ್ತದೆ. ದಿನಚರಿಯಲ್ಲಿ ಗಂಗಾವತಿ ಎಂದಿದೆ, ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗಿ. ಬರೆದದ್ದನ್ನೇ ನಂಬುತ್ತೇನೆ. ಆಮೇಲಿನ ದಿನಗಳಲ್ಲಿ ನಾಲ್ಕೂ ಊರಿನ ದನಿಗಳು ನನ್ನ ಕಿವಿಯಲ್ಲಿ ಒಂದಕ್ಕೊಂದು ಕಲೆತುಹೋಗಿವೆ.

ದಸರೆಯ ಹಬ್ಬ ಆಗಷ್ಟೇ ಮುಗಿದಿತ್ತು. ನಾನು ಕೊಪ್ಪಳದ ಕಡೆಗೆ ಬರುವ ಬಸ್ಸಿನಲ್ಲಿದ್ದೆ. ವಿಶ್ವವಿದ್ಯಾಲಯವೊಂದರಲ್ಲಿ ಮಾಹಿತಿ ಭದ್ರತೆಯ ಎಂ.ಟೆಕ್‌ಗೆ ಸಂದರ್ಶನ ಕೊಟ್ಟು ಬರುತ್ತಿದ್ದೆ. ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಖಾತರಿಪಡಿಸಬೇಕು. ಖಾತರಿಪಡಿಸಿದರೆ ಕೆಲಸ ಬಿಡಬೇಕು, ಎರಡು ವರ್ಷ ಕೊಪ್ಪಳದ ಪಕ್ಕದ ಭಾಗ್ಯನಗರದ ಮನೆ ಬಿಟ್ಟಿರಬೇಕು. ಈ ವಯಸ್ಸಿನಲ್ಲಿ ಇದು ಬೇಕೇ ಎಂದು ಬಸ್ಸು ಹತ್ತಿದಾಗಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಆಗ ಫೋನು.

"ಮೇಡಂ, ಪೇಷಂಟ್ ಫೈಲಿಗೆಲ್ಲಾ ಬಾಲ ಬಂದಾವ್ರಿ."

"ಬಾಲ ಅಂದ್ರ?"

"ಹೆಸರಿನ ಮುಂದ ಏನೇನೋ ಇಂಗ್ಲಿಷ್ ಅಕ್ಷರ ಹತ್ಯಾವು. ಒತ್ತಿದ್ರ ತೆರಿಯವಲ್ವು. ಹಬ್ಬದ ರಜಾ ಮುಗಿಸಿ ಈಗ ಹಚ್ಚೀನ್ರಿ, ನಾ ಏನೂ ಮಾಡಿಲ್ಲ."

ನಾನು ಕೆಲಸ ಮಾಡುವುದು ಒಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರದಲ್ಲಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಅದರ ಎಕ್ಸ್‌ರೇ ಶಾಖೆಗಳಿವೆ. ಕೊಪ್ಪಳದಲ್ಲಿ ಮುಖ್ಯ ಕೇಂದ್ರ, ಅಲ್ಲಿ ಸಿ.ಟಿ. ಯಂತ್ರವೂ ಇದೆ. ನಾಲ್ಕೂ ಕಡೆಯ ಚಿತ್ರಗಳು ಬಂದು ಕೂಡುವುದು ಕೊಪ್ಪಳದ ಹಿಂದಿನ ಕೋಣೆಯ ಸರ್ವರ್‌ಗೆ. ಅದರ ಹೊಣೆ ನನ್ನದು.

ಬಾಲ ಎಂಬ ಮಾತು ಕೇಳಿದೊಡನೆ ಅದೇನೆಂದು ತಿಳಿಯಿತು: ಯಾರೋ ಹೊರಗಿನಿಂದ ನುಗ್ಗಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕೆಲಸ. ಒಂದೊಂದೇ ಶಾಖೆಗೆ ಫೋನು ಮಾಡಿ ಜಾಲದ ನೀಲಿ ವಾಯರು ಕೀಳಲು ಹೇಳಿದೆ. ಯಲಬುರ್ಗಾದ ತಂತ್ರಜ್ಞ ಕೇಳಿದ, "ಗ್ವಾಡಿ ಕಡೀದು ಕೀಳ್ಲ್ಯೋ, ಡಬ್ಬಿ ಕಡೀದು ಕೀಳ್ಲ್ಯೋ?"

"ಎರಡೂ ಕೀಳು."

"ಮತ್ತ ಹಾಕೂದು ನಿಮಗ ಗೊತ್ತಲ್ರಿ? ನನಗ ಗೊತ್ತಿಲ್ಲ."

ಪಕ್ಕದ ಸೀಟಿನವರು ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದರು. ಹೌದು ಎಂದೆ. ಅದಕ್ಕಿಂತ ಚಿಕ್ಕದಾಗಿ ಹೇಳಲು ಬರುತ್ತಿರಲಿಲ್ಲ.

ಕೊಪ್ಪಳದ ಕೇಂದ್ರದ ಬಾಗಿಲಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಇನ್ನೂ ಬಿದ್ದಿದ್ದವು. ಹಿಂದಿನ ಕೋಣೆಯಲ್ಲಿ ಸರ್ವರ್‌ಗೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ಮೇಲೆ ಸೇವಂತಿ ಹಾರ, ಕೆಳಗೆ ನಿಂಬೆಹಣ್ಣು. ಹಾರದ ಕೆಳಗೆ ಒಂದು ಚಿಕ್ಕ ಹಸಿರು ದೀಪ ಪಿಳಿಪಿಳಿ ಅನ್ನುತ್ತಿತ್ತು. ಅದು ಅಲ್ಲಿ ಇರಬಾರದ ದೀಪ. ಅದು ಬ್ಯಾಕಪ್ ಡಿಸ್ಕಿನದು.

ಆ ಡಿಸ್ಕನ್ನು ವಾರಕ್ಕೊಮ್ಮೆ ಮಾತ್ರ ಸರ್ವರ್‌ಗೆ ಜೋಡಿಸುತ್ತಿದ್ದೆ. ಎಲ್ಲ ಚಿತ್ರಗಳ ಪ್ರತಿ ತೆಗೆದು, ಕಿತ್ತು, ಕಬ್ಬಿಣದ ಬೀರುವಿನಲ್ಲಿ ಇಟ್ಟು ಬೀಗ ಹಾಕಿಸುತ್ತಿದ್ದೆ. ಸರ್ವರ್‌ಗೆ ಏನಾದರೂ ಆದರೆ ಇದಕ್ಕೆ ಆಗಬಾರದು, ಅಷ್ಟೇ ಅದರ ತತ್ವ. ಸಂದರ್ಶನದಲ್ಲೂ ಇದನ್ನೇ ಹೇಳಿದ್ದೆ. ಪ್ರಾಧ್ಯಾಪಕರು ತಲೆದೂಗಿದ್ದರು.

ಬೀರುವಿನ ಕೀಲಿ ಇರುವುದು ಸ್ವಾಗತದ ಕೌಂಟರಿನ ಅಕ್ಕನ ಹತ್ತಿರ. ಕೇಂದ್ರ ಶುರುವಾದಾಗಿನಿಂದ ಇರುವವರು. ಅವರನ್ನು ಕರೆದೆ.

"ಅಕ್ಕಾ, ಇದನ್ನ ಯಾರು ಹೊರಗ ತೆಗೆದ್ರು?"

"ನಾನ ತೆಗದೀನಿ. ಆಯುಧ ಪೂಜಿಗೆ ಎಲ್ಲಾ ಸಾಮಾನು ಹೊರಗ ಇಡಬೇಕಲ್ಲ? ಸೂಜಿ, ಕತ್ತರಿ, ಎಕ್ಸ್‌ರೇ ಕ್ಯಾಸೆಟ್ಟು, ಎಲ್ಲಾ ಇಟ್ಟೀನಿ. ಇದೊಂದ ಬೀರುದಾಗ ಬಿಡ್ಲೇನು? ವರ್ಷಾನುಗಟ್ಲೆ ದುಡಿತೈತಿ ಪಾಪ."

"ಸರ್ವರ್‌ಗೆ ಯಾಕ ಹಚ್ಚಿದ್ರಿ?"

"ಬರೇ ಇಟ್ರ ಸತ್ತಂಗ ಇತ್ತು, ದೀಪನ ಇಲ್ಲ. ಸತ್ತದ್ದಕ್ಕ ಪೂಜಿ ಮಾಡ್ತಾರೇನು? ನೀವು ಹಚ್ಚೂದು ನೋಡೀನಿ, ಹಂಗ ಹಚ್ಚಿದೆ. ದೀಪ ಬಂತು. ಎಲ್ಲಾರೂ ಕೈ ಮುಗುದ್ರು."

ಸಿ.ಟಿ. ತಂತ್ರಜ್ಞ ಬಾಗಿಲಲ್ಲಿ ನಿಂತಿದ್ದ. ಪೂಜೆಯ ಸಂಜೆಯಿಂದಲೇ ಸರ್ವರ್‌ನ ಫ್ಯಾನು ಜೋರಾಗಿ ಕೂಗುತ್ತಿತ್ತು ಎಂದ.

"ಬಂದ್ ಮಾಡ್ಬೇಕಿತ್ತಲ್ಲ?"

"ಪೂಜಿ ಮಾಡಿದ ಸಾಮಾನು ಬನ್ನಿ ಕೊಡೂ ತನಕ ಮುಟ್ಟಬಾರದಲ್ರಿ. ನಮ್ಮ ಮನ್ಯಾಗ ಕುಡಗೋಲ್ ಸೈತ ಮುಟ್ಟಂಗಿಲ್ಲ. ಸರ್ವರ್ ಹೆಂಗ್ ಮುಟ್ಲಿ?"

ನಮ್ಮ ಮನೆಯಲ್ಲೂ ಅದೇ ನೇಮ. ಹೊರಗಿನಿಂದ ಬಂದವರು ಒಳಹೊಕ್ಕ ದಾರಿ ಸುಲಭದ್ದೇ ಇತ್ತು. ಯಂತ್ರ ಪೂರೈಸಿದವರ ಎಂಜಿನಿಯರ್ ದೂರದಿಂದಲೇ ದುರಸ್ತಿ ಮಾಡಲು ಒಂದು ಬಾಗಿಲು ಮಾಡಿಕೊಂಡು, ಮುಚ್ಚದೆ ಹೋಗಿದ್ದ. ಬಂದವರಿಗೆ ಬೇಕಾದದ್ದು ಯಾರೂ ಮುಟ್ಟದ ಒಂದಿಷ್ಟು ಹೊತ್ತು. ಅದನ್ನು ನಾವು ಹೂವು ಏರಿಸಿ ಕೊಟ್ಟಿದ್ದೆವು.

ಡಿಸ್ಕು ಕಿತ್ತೆ. ಬೇರೆ ಲ್ಯಾಪ್‌ಟಾಪಿನಲ್ಲಿ, ಬರೆಯಲು ಆಗದ ಹಾಗೆ, ಬರೀ ಓದುವಂತೆ ಜೋಡಿಸಿ ನೋಡಿದೆ. ಎಲ್ಲ ಹೆಸರಿಗೂ ಬಾಲ. ಒಂದು ಕಡತವನ್ನು ಬಿಚ್ಚಿ ಅದರ ಕಚ್ಚಾ ಅಂಕೆಗಳನ್ನು ನೋಡಿದೆ. ಒಳ್ಳೆಯ ಕಡತದ ಅಂಕೆಗಳಲ್ಲಿ ಒಂದು ಲಯ ಇರುತ್ತದೆ. ರೋಗಿಯ ಹೆಸರು, ತಾರೀಖು ಕಣ್ಣಿಗೇ ಕಾಣುತ್ತವೆ. ಇಲ್ಲಿ ಮಳೆ ಬಿದ್ದ ನೆಲದ ಹಾಗೆ ಎಲ್ಲ ಕಡೆ ಒಂದೇ ಸಮ. ಯಾರೋ ಬಹಳ ಅಚ್ಚುಕಟ್ಟಾಗಿ ಬೀಗ ಹಾಕಿದ್ದರು. ಸರ್ವರ್‌ನ ತೆರೆಯ ಮೇಲೆ ಅವರದೊಂದು ಸೂಚನೆ: ಕೀಲಿ ಬೇಕಿದ್ದರೆ ಇಲ್ಲಿಗೆ ಬರೆಯಿರಿ.

ಕೇಂದ್ರದ ಮಾಲೀಕರು ಸ್ವತಃ ಸ್ಕ್ಯಾನ್ ಓದುವ ಡಾಕ್ಟರು. ಅವರು ಬಂದು ನನ್ನ ಹಿಂದೆ ನಿಂತರು.

"ಎಷ್ಟು ಹೋಗ್ಯಾವು?"

"ಎಲ್ಲಾ, ಸರ್."

"ಅವ್ರು ಕೇಳಿದ್ದು ಕೊಟ್ರ ಬರ್ತಾವೇನು?"

ಕೊಟ್ಟರೂ ಕೀಲಿ ಕೊಡದವರು ಇದ್ದಾರೆ, ಕೊಟ್ಟ ಕೀಲಿ ಅರ್ಧಕ್ಕೆ ನಿಲ್ಲುವುದೂ ಉಂಟು, ಕೊಟ್ಟವರ ಮೇಲೆ ಮತ್ತೆ ಬರುವುದೂ ಉಂಟು ಎಂದೆಲ್ಲ ಹೇಳತೊಡಗಿದೆ. ಅವರು ಕೈ ಎತ್ತಿದರು. "ಮೇಡಂ, ಹೌದೋ ಇಲ್ಲೋ?"

"ಗೊತ್ತಿಲ್ಲ, ಸರ್."

ಪೊಲೀಸರಿಗೆ ದೂರು ಕೊಟ್ಟೆವು. ಕಳ್ಳರಿಗೆ ಹಣ ಕೊಡಬೇಡಿ ಎಂದರು ಅವರು. ಡಾಕ್ಟರಿಗೂ ಮನಸ್ಸಿರಲಿಲ್ಲ. ಹೊಸ ಸರ್ವರ್ ಕೂಡಿಸಿ, ಆ ಬಾಗಿಲು ಮುಚ್ಚಿ, ಎಲ್ಲ ಗುಪ್ತಪದ ಬದಲಿಸಿ, ಕೆಲಸ ಮತ್ತೆ ಶುರುವಾಯಿತು. ಬರುವ ರೋಗಿಗಳೆಲ್ಲ ಹೊಸ ನೋವಿನವರು. "ಹಳೇ ಫೋಟೋ ಯಾರ್ ಕೇಳ್ತಾರ ಬಿಡ್ರಿ," ಎಂದರು ಡಾಕ್ಟರು. ಅವರು ಸಮಾಧಾನಕ್ಕೆ ಹೇಳಿದ್ದು. ನಾನೂ ಸಮಾಧಾನ ಮಾಡಿಕೊಂಡೆ.

ಆ ವಾರವೇ ಟ್ರ್ಯಾಕ್ಟರ್ ಚಾಲಕ ಬಂದ.

ಯಲಬುರ್ಗಾ ಕಡೆಯ ಹಳ್ಳಿಯವನು, ನಡುವಯಸ್ಸು. ಜೊತೆಗೆ ಹೆಂಡತಿ. ಕೆಮ್ಮು ಬಿಡದೆ ಹುಬ್ಬಳ್ಳಿಗೆ ಹೋಗಿದ್ದ. ಅಲ್ಲಿಯ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ತಳದಲ್ಲಿ ಒಂದು ಕಲೆ ಕಂಡಿತ್ತು. ಹಿಂದೆ ಎಂದಾದರೂ ಸ್ಕ್ಯಾನ್ ಆಗಿತ್ತೇ ಎಂದು ಅಲ್ಲಿನ ಡಾಕ್ಟರು ಕೇಳಿದ್ದರು. ಆಗಿತ್ತು, ಕೊರೊನಾದ ಎರಡನೇ ಅಲೆಯಲ್ಲಿ, ನಮ್ಮಲ್ಲೇ.

ನಮ್ಮ ಡಾಕ್ಟರು ನನ್ನನ್ನು ಒಳಗೆ ಕರೆದು ವಿಷಯ ಬಿಡಿಸಿ ಹೇಳಿದರು. ಎರಡು ವರ್ಷದ ಹಿಂದೆಯೂ ಆ ಕಲೆ ಅಷ್ಟೇ ಇದ್ದರೆ ಅದು ಹಳೆಯ ಗಾಯದ ಗುರುತು, ಮುಟ್ಟುವುದು ಬೇಡ. ಆಗ ಇರದೆ ಈಗ ಬಂದಿದ್ದರೆ, ಅಥವಾ ಬೆಳೆದಿದ್ದರೆ, ಬೆನ್ನಿನಿಂದ ಸೂಜಿ ಹಾಕಿ ತುಣುಕು ತೆಗೆದು ನೋಡಲೇಬೇಕು. ಹಳೆಯ ವರದಿಯ ಕಾಗದ ಅವನ ಬಳಿ ಇತ್ತು, ಆದರೆ ಅದರಲ್ಲಿ ಕೊರೊನಾದ ಮಾತು ಮಾತ್ರ. ಆ ದಿನಗಳಲ್ಲಿ ಡಾಕ್ಟರು ಒಂದು ನೋಟಕ್ಕೆ ಒಂದು ಸಾಲು ಬರೆಯುತ್ತಿದ್ದರು. ಸಾಲು ಸಾಕಾಗುವುದಿಲ್ಲ. ಚಿತ್ರವೇ ಬೇಕು.

ಹೊರಗೆ ಬಂದೆ. ಗಂಡ ಬೆಂಚಿನ ಅಂಚಿನಲ್ಲಿ ಕೂತಿದ್ದ. ಮಾತಾಡಿದವಳು ಹೆಂಡತಿ.

"ಮೇಡಮ್ಮಾರ, ಇವ್ರಿಗೆ ಸೂಜಿ ಅಂದ್ರ ಜೀವ ಹೋಗತೈತ್ರಿ. ಟ್ರ್ಯಾಕ್ಟರ್ ಪಲ್ಟಿ ಆದ್ರ ನಕ್ಕೋತ ಎದ್ದು ಬರ್ತಾರ, ಸೂಜಿ ಕಂಡ್ರ ಕಣ್ಣು ಮ್ಯಾಲ ಮಾಡ್ತಾರ. ಆ ಹಳೇ ಫೋಟೋ ಒಂದು ತೆಗದು ಕೊಟ್ಟುಬಿಡ್ರಿ."

"ಏ, ಸುಮ್ನಿರ ನೀ," ಎಂದ ಗಂಡ. "ಎದಿಯಾಗ ಚುಚ್ಚಿದ್ರ ಗಾಳಿ ಹೋಗತೈತಂತ್ರಿ. ನಮ್ಮೂರಾಗ ಒಬ್ಬಂವಗ ಹಂಗ ಆಗಿತ್ತು. ಹಿಂಗಾರಿ ಬಿತ್ತಗಿ ಬಂದೈತಿ, ಮಲಗಿದ್ರ ಹೆಂಗ್ರಿ?"

ಕಂಪ್ಯೂಟರಿಗೆ ತೊಂದರೆ ಆಗಿದೆ ಎಂದೆ. ಏನು ತೊಂದರೆ ಎಂದರು. ಬೀಗ ಬಿದ್ದಿದೆ ಎಂದೆ.

"ಬೀಗ ಬಿದ್ರ ಒಡೀಬೇಕ್ರಿ," ಎಂದಳು ಹೆಂಡತಿ.

ಆಗ ನಾನು ಹೇಳಿದ ಮಾತು ದಿನಚರಿಯಲ್ಲಿ ಇದೆ, ನೆನಪಿನಲ್ಲೂ ಹಾಗೇ ಇದೆ. "ನೋಡ್ತೀನ್ರಿ. ಸ್ವಲ್ಪ ದಿನ ಕೊಡ್ರಿ."

ಹುಬ್ಬಳ್ಳಿಯ ಡಾಕ್ಟರು ತಿಂಗಳ ಕೊನೆಯವರೆಗೆ ಕಾಯಲು ಒಪ್ಪಿದರು. ನನ್ನ ಸೀಟಿಗೂ ಅದೇ ಗಡುವು. ದಿನಚರಿಯ ಆ ಪುಟಗಳಲ್ಲಿ ಎರಡೂ ಒಂದರ ಪಕ್ಕ ಒಂದು ಇವೆ, ಆದರೆ ಎರಡಕ್ಕೂ ಸಂಬಂಧ ಇದೆ ಎಂದು ಆಗ ಹೊಳೆದಿತ್ತೋ, ಈಗ ಜೋಡಿಸುತ್ತಿದ್ದೇನೋ, ಹೇಳಲಾರೆ.

ಮೊದಲು ಬೀಗದ ಜಾತಿ ಹುಡುಕಿದೆ. ಇಂಥ ಬೀಗಗಳಲ್ಲಿ ಕೆಲವನ್ನು ಹಾಕಿದವರೇ ತಪ್ಪು ಮಾಡಿರುತ್ತಾರೆ. ಆ ತಪ್ಪು ಹಿಡಿದು ಯಾರೋ ಪುಣ್ಯಾತ್ಮರು ಕೀಲಿ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟಿರುತ್ತಾರೆ. ನಮ್ಮದಕ್ಕೆ ಇರಲಿಲ್ಲ. ನಮ್ಮ ಕಳ್ಳರು ತಪ್ಪು ಮಾಡಿರಲಿಲ್ಲ.

ಆಮೇಲೆ ಕಡತಗಳ ಗಾತ್ರ ನೋಡಿದೆ. ಇಲ್ಲೊಂದು ಆಸೆ ಹುಟ್ಟಿತು. ಬೇಗ ಮುಗಿಸುವ ಆತುರಕ್ಕೆ ಅವರ ಪ್ರೋಗ್ರಾಮು ದೊಡ್ಡ ಕಡತಗಳ ಮೊದಲ ಭಾಗಕ್ಕೆ ಮಾತ್ರ ಬೀಗ ಹಾಕಿ ಮುಂದಕ್ಕೆ ಹೋಗಿತ್ತು. ಒಂದು ದೊಡ್ಡ ಎಕ್ಸ್‌ರೇ ತೆಗೆದುಕೊಂಡು, ಕೆಟ್ಟ ತಲೆ ಕತ್ತರಿಸಿ, ಅದೇ ಯಂತ್ರದ ಬೇರೆ ಒಳ್ಳೆಯ ಕಡತದ ತಲೆ ಕೂಡಿಸಿದೆ. ತೆರೆಯ ಮೇಲೆ ಅರ್ಧ ಮೊಣಕಾಲು ಮೂಡಿತು. ಮೇಲರ್ಧ ಕಪ್ಪು, ಕೆಳಗೆ ಯಾರದೋ ಕಾಲೆಲುಬು ಬೆಳ್ಳಗೆ, ಸ್ಪಷ್ಟವಾಗಿ. ಸಿ.ಟಿ. ತಂತ್ರಜ್ಞ ಚಪ್ಪಾಳೆ ಹೊಡೆದ. "ಬಂತ್ರಿ ಮೇಡಂ! ನೀವು ಆ ದೊಡ್ಡ ಓದು ಓದೂದ ಬ್ಯಾಡ!"

ಆದರೆ ಸಿ.ಟಿ. ಸ್ಕ್ಯಾನ್ ಒಂದು ಚಿತ್ರವಲ್ಲ. ಬ್ರೆಡ್ಡನ್ನು ಹೋಳು ಮಾಡಿದ ಹಾಗೆ ಎದೆಯನ್ನು ಅಡ್ಡಡ್ಡ ಹೋಳು ಮಾಡಿದ ನೂರಾರು ಚಿತ್ರಗಳ ಕಟ್ಟು. ಒಂದೊಂದು ಹೋಳೂ ಒಂದೊಂದು ಚಿಕ್ಕ ಕಡತ. ಚಿಕ್ಕ ಕಡತಗಳಿಗೆ ಅವರು ಪೂರ್ತಿ ಬೀಗ ಹಾಕಿದ್ದರು. ಕತ್ತರಿಸಲು ತಲೆಯೂ ಇಲ್ಲ, ಉಳಿಸಲು ಬಾಲವೂ ಇಲ್ಲ. ಇಷ್ಟು ತಿಳಿದುಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಆ ವಾರವೆಲ್ಲ ಚಾಲಕನ ಹೆಂಡತಿ ಫೋನು ಮಾಡುತ್ತಿದ್ದಳು.

"ಒಡೀತೇನ್ರಿ ಬೀಗ?"

"ಇನ್ನೂ ಇಲ್ರಿ. ಒಂದು ದಾರಿ ಕಂಡೈತಿ."

ಒಂದು ದಾರಿ ಮುಚ್ಚಿದ ಮೇಲೆ ಇನ್ನೊಂದರ ಬಗ್ಗೆಯೂ ಹಾಗೆಯೇ ಹೇಳಿದೆ. ಸಿ.ಟಿ. ಯಂತ್ರದ ಸ್ವಂತ ಡಿಸ್ಕಿನಲ್ಲಿ ಹುಡುಕಿದೆ. ಅದು ಜಾಗ ತುಂಬಿದಂತೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಡಾಕ್ಟರ ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಕೊರೊನಾ ಕಾಲದಲ್ಲಿ ತಂತ್ರಜ್ಞ ತೆರೆಯ ಫೋಟೋ ತೆಗೆದು ಡಾಕ್ಟರುಗಳಿಗೆ ಕಳಿಸುತ್ತಿದ್ದ. ಆ ಫೋನು ನೀರಿನ ತೊಟ್ಟಿಗೆ ಬಿದ್ದು ಹೋಗಿತ್ತು.

ಕೊನೆಗೆ ಸಂದರ್ಶನ ಮಾಡಿದ ಪ್ರಾಧ್ಯಾಪಕರಿಗೇ ಫೋನು ಮಾಡಿದೆ. ಸಂಕೋಚವಾಯಿತು. ಅವರು ತಾಳ್ಮೆಯಿಂದ ಕೇಳಿದರು.

"ಬ್ಯಾಕಪ್ ಬೀರುವಿನಲ್ಲಿ ಇರುತ್ತದೆ ಅಂದಿದ್ದಿರಲ್ಲ?"

ಆಯುಧ ಪೂಜೆಯ ವಿಷಯ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ನಮ್ಮ ಲ್ಯಾಬಿನಲ್ಲೂ ಪೂಜೆ ಮಾಡುತ್ತೇವೆ," ಎಂದರು.

"ಸರ್, ಈ ಕೋರ್ಸ್ ಮಾಡಿದ್ದರೆ ಇದನ್ನ ತೆಗೆಯೋಕೆ ಬರ್ತಿತ್ತಾ?"

"ಇಲ್ಲ. ಯಾಕೆ ಬರುವುದಿಲ್ಲ ಅನ್ನುವುದು ಗೊತ್ತಾಗುತ್ತಿತ್ತು. ಸರಿಯಾಗಿ ಹಾಕಿದ ಬೀಗ ಸರಿಯಾಗಿಯೇ ಇರುತ್ತದೆ, ಕಳ್ಳ ಹಾಕಿದರೂ ಅಷ್ಟೇ, ನೀವು ಹಾಕಿದರೂ ಅಷ್ಟೇ. ಎರಡು ವರ್ಷ ನಾವು ಕಲಿಸುವುದು ಹೆಚ್ಚುಕಡಿಮೆ ಅದನ್ನೇ."

ಆ ದಿನ ದಿನಚರಿಯಲ್ಲಿ ಬರೆದುಕೊಂಡೆ: ಹೋಗುವುದು ಬೇಡ. ತೆರೆಯಲು ಬರುವುದಿಲ್ಲ ಎಂದು ತಿಳಿಯಲು ಎರಡು ವರ್ಷ ಏಕೆ? ಮರುದಿನದ ಪುಟದಲ್ಲಿ ಇರುವುದು: ಹೋಗಬೇಕು. ಯಾರಾದರೂ ಒಬ್ಬರಿಗಾದರೂ ಗೊತ್ತಿರಬೇಕು. ಎರಡನ್ನೂ ಬರೆದ ಕೈ ನನ್ನದೇ.

ಫಿಲ್ಮು ಕೊಡಲಿಲ್ಲವೇ ನಿಮಗೆ ಎಂದು ಆ ದಂಪತಿಯನ್ನು ಕೇಳಲು ಹೊಳೆದದ್ದು ಆಮೇಲೆ.

"ಫಿಲ್ಮು ಖಾಲಿ ಆಗ್ಯಾವಂತ ಆವಾಗ ಸೀಡಿ ಕೊಟ್ಟಿದ್ರಲ್ರಿ," ಎಂದಳು ಹೆಂಡತಿ.

"ಸೀಡಿ ಐತೇನು? ಎಲ್ಲೈತಿ?"

"ಹೊಲದಾಗ ಐತ್ರಿ."

ಸಜ್ಜೆಯ ತೆನೆಗೆ ಹಕ್ಕಿ ಕೂರದಿರಲಿ ಎಂದು ಈ ಕಡೆ ಸೀಡಿಗಳನ್ನು ದಾರಕ್ಕೆ ಪೋಣಿಸಿ ಕೋಲಿಗೆ ಕಟ್ಟುತ್ತಾರೆ. ಗಾಳಿಗೆ ತಿರುಗಿ ಬಿಸಿಲನ್ನು ಎಲ್ಲೆಂದರಲ್ಲಿ ಎರಚುತ್ತವೆ. ಮರುದಿನ ಮೊದಲ ಬಸ್ಸು ಹಿಡಿದೆ. ಇಟಗಿಯ ದಾರಿ ಒಡೆಯುವ ಕಡೆ ಚಾಲಕನೇ ಟ್ರ್ಯಾಕ್ಟರ್ ತಂದು ನಿಂತಿದ್ದ. ಹೊಲ ತಲುಪಿ ನೋಡಿದೆ. ಒಂದಲ್ಲ, ಬದುವಿನ ಉದ್ದಕ್ಕೂ ಸೀಡಿಗಳು, ಪಕ್ಕದ ಹೊಲದವರವೂ ಸೇರಿ. ಹೆಸರು ಬರೆದ ಶಾಯಿ ಬಿಸಿಲಿಗೆ ಹಾರಿಹೋಗಿತ್ತು.

"ಯಾವುದ್ರಿ ನಿಮ್ಮದು?"

"ಯಾವ್ದಂತ ಹೇಳ್ಲಿ? ಒಂದು ಭಜನಿದು, ಒಂದು ನಮ್ಮ ಮದಿವಿದು."

"ಮದಿವಿದೂ ಕಟ್ಟೀಯೇನ?" ಎಂದ ಗಂಡ.

"ಕಟ್ಟದ ಏನ್ ಮಾಡ್ಲಿ? ಮನ್ಯಾಗ ಇದ್ರ ನೀ ನೋಡ್ತಿದ್ಯೇನು? ಹಕ್ಕಿಯರ ನೋಡ್ಲಿ ಅಂತ ಕಟ್ಟೀನಿ."

ಪಕ್ಕದ ಹೊಲದ ಮುದುಕ ಬಂದು ಏನು ನಡೆದಿದೆ ಎಂದು ವಿಚಾರಿಸಿದ. ನಾನು ಕೊಪ್ಪಳದಿಂದ ಬಂದದ್ದು, ಸೀಡಿ ಬಿಚ್ಚುತ್ತಿರುವುದು ನೋಡಿ ಸರ್ಕಾರ ಇದನ್ನೂ ಬಂದ್ ಮಾಡಿತೇ ಎಂದು ಕೇಳಿದ. ಹೆಂಡತಿ ಬಿದ್ದುಬಿದ್ದು ನಕ್ಕಳು. ಗಂಡನೂ ನಕ್ಕ, ನಕ್ಕು ಕೆಮ್ಮಿದ. ಹೆಂಡತಿ ಅವನ ಬೆನ್ನು ಸವರಿದಳು. ಆಮೇಲೆ ಎಲ್ಲವನ್ನೂ ಬಿಚ್ಚಿದೆವು. ಮುದುಕ ತನ್ನವನ್ನೂ ಕೊಟ್ಟ.

ಕೊಪ್ಪಳಕ್ಕೆ ಬಂದು ಒಂದೊಂದನ್ನೇ ತೊಳೆದು, ಹತ್ತಿಯಿಂದ ನಡುವಿನಿಂದ ಅಂಚಿಗೆ ಒರೆಸಿ, ಡ್ರೈವಿಗೆ ಹಾಕಿದೆ. ಬಹಳಷ್ಟು ಓದಲೇ ಇಲ್ಲ. ಒಂದರಲ್ಲಿ ಡ್ರೈವು ತಿಣುಕಾಡಿ ತಿಣುಕಾಡಿ ನಮ್ಮ ಕೇಂದ್ರದ ಹೆಸರು ತೋರಿಸಿತು. ಚಾಲಕನದೇ. ಅಕ್ಕ ಎರಡೂ ಕೈ ಎತ್ತಿ ಮುಗಿದರು. ಡಿಸ್ಕಿನ ದಿನದಿಂದ ಅವರು ನನ್ನ ಕೋಣೆಗೆ ಬರುವುದನ್ನೇ ಬಿಟ್ಟಿದ್ದರು, ಆವತ್ತು ಬಂದು ಹಿಂದೆಯೇ ನಿಂತರು.

ಸೀಡಿಯನ್ನು ಬರೆಯುವುದು ನಡುವಿನಿಂದ ಹೊರಗೆ. ಎದೆಯ ಹೋಳುಗಳು ಕತ್ತಿನಿಂದ ಕೆಳಕ್ಕೆ. ಕೆಟ್ಟ ಜಾಗ ಬಂದರೆ ಬಿಟ್ಟು ಮುಂದೆ ಹೋಗಿ, ಮತ್ತೆ ಹಿಂದಕ್ಕೆ ಬಂದು, ನಿಧಾನ ವೇಗದಲ್ಲಿ ಮತ್ತೆ ಮತ್ತೆ ಓದುವ ಪ್ರೋಗ್ರಾಮಿಗೆ ಹಚ್ಚಿದೆ. ಭುಜದ ಎಲುಬು ಬಂತು. ಶ್ವಾಸಕೋಶದ ತುದಿ ಬಂತು. ಆಮೇಲೆ ಹೃದಯದ ನೆತ್ತಿ. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು.

"ಇನ್ನೂ ಕೆಳಗ ಹೋಗ್ರಿ."

ಹೋದೆ.

"ಇನ್ನೂ ಸ್ವಲ್ಪ. ಕಲೆ ಇರೂದು ತಳದಾಗ."

"ಇಷ್ಟ ಸರ್, ಬಂದಿದ್ದು."

ಸೀಡಿಯ ಹೊರ ಅಂಚಿನಲ್ಲಿ ಬೆಳ್ಳಿಯ ಪದರ ಎದ್ದುಹೋಗಿತ್ತು. ಬೆಳಕಿಗೆ ಹಿಡಿದರೆ ಆಚೆ ಬದಿಯ ಕಿಟಕಿ ಕಾಣುತ್ತಿತ್ತು. ಕೆಟ್ಟ ಬೀಗವಲ್ಲ ಅದು, ಕಳ್ಳರದೂ ಅಲ್ಲ. ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ಪ್ರೋಗ್ರಾಮನ್ನು ಮತ್ತೆ ಮತ್ತೆ ಓಡಿಸಿದೆ, ಡ್ರೈವು ಬದಲಿಸಿದೆ, ಕುಷ್ಟಗಿ ಶಾಖೆಯಿಂದ ಹಳೆಯ ಡ್ರೈವು ತರಿಸಿದೆ. ಪ್ರತಿ ಸಲವೂ ಹೃದಯದ ಮಧ್ಯಕ್ಕೆ ಬಂದು ನಿಲ್ಲುತ್ತಿತ್ತು. ಫೋನಿನಲ್ಲಿ ಹೆಂಡತಿಗೆ ಹೇಳಿದೆ, ಅರ್ಧ ಬಂದಿದೆ ಎಂದು. "ಅರ್ಧ ಬಂದ ಮ್ಯಾಲ ಉಳದ ಅರ್ಧ ಬರೂದ ಬಿಡ್ರಿ," ಎಂದಳು, ಖುಷಿಯಿಂದ.

ಗಡುವು ಬಂತು. ಬಂದಷ್ಟು ಹೋಳುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನಾನೂ ಅವರ ಜೊತೆ ಹುಬ್ಬಳ್ಳಿಗೆ ಹೋದೆ. ಅಲ್ಲಿನ ಡಾಕ್ಟರಿಗೆ ತೋರಿಸಿದರೆ ಏನಾದರೂ ಉಪಯೋಗ ಆದೀತು ಎಂದು. ಅವರು ಸಭ್ಯವಾಗಿ ಎಲ್ಲವನ್ನೂ ನೋಡಿದರು. "ಒಳ್ಳೆ ಕೆಲಸ ಮಾಡಿದ್ದೀರಿ," ಎಂದರು. "ಆದರೆ ಇದರಲ್ಲಿ ಅದು ಇಲ್ಲ."

ಸೂಜಿ ಹಾಕುವ ಕೋಣೆ ನೆಲಮಾಳಿಗೆಯಲ್ಲಿ. ಗಂಡನನ್ನು ಒಳಗೆ ಕರೆದುಕೊಂಡು ಹೋದರು. ಅವನು ತಿರುಗಿ ನೋಡಿದ್ದು ಹೆಂಡತಿಯನ್ನಲ್ಲ, ನನ್ನನ್ನು. ಈಗಲೂ ನಾನು ಏನಾದರೂ ಹೇಳಿ ನಿಲ್ಲಿಸಬಹುದು ಎನ್ನುವ ಹಾಗೆ. ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. ಬಿಡಲಿಲ್ಲ.

ಸೀಟು ಖಾತರಿಪಡಿಸುವ ಕೊನೆಯ ದಿನವೂ ಅದೇ. ಇನ್ನೊಂದು ಕೈಯಲ್ಲಿ ಫೋನಿತ್ತು. ಆವತ್ತು ಆ ಬೆಂಚಿನ ಮೇಲೆ ಯೋಚಿಸಿ, ಬೇಡವೆಂದು ನಿರ್ಧರಿಸಿದೆ ಎಂದು ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ನನಗೂ ಹಾಗೇ ನೆನಪಿದೆ. ದಿನಚರಿಯಲ್ಲಿ ಇರುವುದು ಇಷ್ಟೇ: "ಕೆಳಗೆ ನೆಟ್‌ವರ್ಕ್ ಇರಲಿಲ್ಲ. ಮೇಲೆ ಹೋಗಬಹುದಿತ್ತು. ಮೊಣಕೈ ಬಿಡಿಸಿಕೊಳ್ಳಲಿಲ್ಲ."

ಅವನು ಹೆದರಿದ್ದೇ ಆಯಿತು. ಸೂಜಿ ತೆಗೆದ ಮೇಲೆ ಎದೆಯೊಳಗೆ ಗಾಳಿ ಸೋರಿ ಶ್ವಾಸಕೋಶ ಕುಗ್ಗಿತು. ಪಕ್ಕೆಲುಬಿನ ನಡುವೆ ಕೊಳವೆ ಇಟ್ಟರು. ನೂರರಲ್ಲಿ ಕೆಲವರಿಗೆ ಹೀಗೆ ಆಗುತ್ತದೆ, ಮೊದಲೇ ಹೇಳಿದ್ದೆವು ಎಂದರು ಡಾಕ್ಟರು. ಹೇಳಿದ್ದು ನಿಜ. ಕೊಳವೆ ತೆಗೆಯುವ ಹೊತ್ತಿಗೆ ಹಿಂಗಾರಿ ಬಿತ್ತನೆ ಮುಗಿಯುತ್ತ ಬಂದಿತ್ತು. ಟ್ರ್ಯಾಕ್ಟರಿಗೆ ಬೇರೆ ಚಾಲಕ ಬಂದಿದ್ದ.

ಫಲಿತಾಂಶ ಬಂದ ದಿನ ಗಂಡ ಹೆಂಡತಿ ನೇರವಾಗಿ ನಮ್ಮ ಕೇಂದ್ರಕ್ಕೆ ಬಂದರು. ಹೆಂಡತಿ ಬಾಗಿಲಲ್ಲೇ ಕೂಗಿದಳು, "ಏನೂ ಇಲ್ಲಂತ್ರಿ! ಹಳೇ ಗಾಯದ ಕಲೆ ಅಂತ! ಬರ್ರಿ ಎಲ್ಲಾರೂ, ಬಾಯಿ ಸಿಹಿ ಮಾಡ್ಕೋರಿ!" ಪೇಡೆಯ ಪೊಟ್ಟಣ ಬಿಚ್ಚಿ ಕೌಂಟರಿನ ಅಕ್ಕನ ಬಾಯಿಗೆ ತಾನೇ ಇಟ್ಟಳು. ಅಕ್ಕ ಅತ್ತರು. ಡಾಕ್ಟರು ಒಳಗಿನಿಂದ ಬಂದು ಚಾಲಕನ ಕೈ ಕುಲುಕಿದರು.

ಎಲ್ಲರ ಜೊತೆ ನಾನೂ ನಕ್ಕೆ. ಹಳೆಯ ಕಲೆ ಎಂದರೆ, ಎರಡು ವರ್ಷದ ಹಿಂದಿನ ಚಿತ್ರದಲ್ಲಿ ಅದು ಅಷ್ಟೇ ಇತ್ತು ಎಂದು. ಆ ಚಿತ್ರ ಸಿಕ್ಕಿದ್ದರೆ ಸೂಜಿ ಇಲ್ಲ, ಕೊಳವೆ ಇಲ್ಲ. ಫಲಿತಾಂಶ ಬೇರೆ ಆಗಿದ್ದರೆ ಹೇಗೂ ಸೂಜಿ ಬೇಕೇ ಇತ್ತು, ನನ್ನ ಕೈಯಲ್ಲಿ ಕಳೆದದ್ದಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಈ ಲೆಕ್ಕ ನನ್ನ ತಲೆಯಲ್ಲಿ ಓಡಿತು. ಓಡಿದ ಮೇಲೆ, ನಾನು ಒಂದು ಕ್ಷಣ ಯಾವ ಫಲಿತಾಂಶವನ್ನು ಬಯಸಿದೆ ಎಂಬುದು ಹೊಳೆದು ಅವನ ಮುಖ ನೋಡಲಾಗಲಿಲ್ಲ.

ಚಾಲಕ ಪಕ್ಕೆಗೆ ಕೈ ಒತ್ತಿಕೊಂಡು ನನ್ನ ಎದುರು ಬೆಂಚಿನಲ್ಲಿ ಕೂತ.

"ನೀವು ಅದೇನೋ ದೊಡ್ಡ ಓದಿಗೆ ಹೊಂಟಿದ್ರಿ ಅಂತ ಅಕ್ಕಾರು ಹೇಳಿದ್ರು. ಹೋಗ್ಲಿಲ್ಲೇನ್ರಿ?"

"ಈ ವರ್ಷ ಹೋಗ್ಲಿಲ್ಲ."

"ಅದನ್ನ ಓದಿದ್ರ ಆ ಬೀಗ ತೆಗಿಯಾಕ ಬರ್ತಿತ್ತೇನ್ರಿ?"

"ಇಲ್ರಿ."

"ಮತ್ತ ಯಾಕ ಓದ್ತಾರ?"

"ಯಾವ ಬೀಗ ತೆಗಿಯಾಕ ಬರೂದಿಲ್ಲ ಅಂತ ನೋಡಿದ ಕೂಡ್ಲೆ ಗೊತ್ತಾಗತೈತಂತ್ರಿ."

ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ಹೇಳಿದ, "ಓದಬೇಕಿತ್ರಿ ಮೇಡಂ. ಮೊದಲನೇ ದಿನಾನ 'ಬರೂದಿಲ್ಲ' ಅಂದುಬಿಟ್ಟಿದ್ರ ಅವತ್ತ ಹೋಗಿ ಚುಚ್ಚಿಸ್ಕೊಂಡು ಬರ್ತಿದ್ನಿ. ಬಿತ್ತಗಿ ಹೊತ್ತಿಗೆ ಎದ್ದಿರ್ತಿದ್ನಿ. ನೀವು ನೋಡ್ತೀನಿ ಅಂದ್ರಿ. ದಿನಾ ಮುಂಜಾನೆ ಎದ್ದು, ಇವತ್ತು ಬಂದೀತು ಅಂತ ನಿಮ್ಮ ಫೋನಿನ ದಾರಿ ಕಾಯ್ತಿದ್ನಿ. ಸೂಜಿಗಿಂತ ಅದ ಭಾಳ ಆತು ನೋಡ್ರಿ."

"ಏ, ಬಿಡೋ ಮಾರಾಯಾ. ಏನೂ ಇಲ್ಲ ಅಂದಾರಲ್ಲ," ಎಂದು ಹೆಂಡತಿ ನಡುವೆ ಬಂದಳು. ಪೊಟ್ಟಣ ನನ್ನ ಮುಂದೆ ಹಿಡಿದು, "ತಗೋರಿ ಮೇಡಮ್ಮಾರ, ನೀವು ಇನ್ನೂ ತಗೊಂಡಿಲ್ಲ," ಎಂದಳು.